ಆನೇಕಲ್ಲಿಗೆ ಅಂಟಿಕೊಂಡ ‘ಗ್ರಾಮಾಂತರ’

ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಇಳಿದು ಅತ್ತಿಬೆಲೆ ಕಡೆಗೆ ಹೊರಟರೆ ಸಿಗುವುದೆಲ್ಲ ಬೆಂಗಳೂರು ಗ್ರಾಮಾಂತರ ಜಿಲ್ಲೆ ಎಂದು ನಂಬಿದವರು ಬಹಳ. ಅದು ತಪ್ಪು. 1986ರಲ್ಲಿ ಬೆಂಗಳೂರು ಜಿಲ್ಲೆ ಎರಡಾದಾಗ ಆನೇಕಲ್ ತಾಲ್ಲೂಕು ನಗರ ಜಿಲ್ಲೆಯಲ್ಲೇ ಉಳಿಯಿತು. ಗೊಂದಲ ಹುಟ್ಟಿಸಿದ್ದು ಚುನಾವಣೆ. ಆನೇಕಲ್‌ನವರು ವೋಟು ಹಾಕುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ. ತಮಾಷೆಯೆಂದರೆ, 2008ರ ಮರುವಿಂಗಡಣೆಯಾದ ಮೇಲೆ ಆ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಗ್ರಾಮಾಂತರ ಜಿಲ್ಲೆಯದಲ್ಲ! ಆ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಹೋಗಿವೆ.

ಎಲೆಕ್ಟ್ರಾನಿಕ್ ಸಿಟಿ ಪೂರ್ತಿ ಆನೇಕಲ್ ತಾಲ್ಲೂಕಿನದು ಎನ್ನುವುದೂ ಅರ್ಧ ಸತ್ಯ. ಎಪ್ಪತ್ತರ ದಶಕದ ಕೊನೆಗೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಶುರುಮಾಡಿದ ಮೊದಲ ಹಂತ ಇರುವುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ. ಅವು ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿಯ ಊರುಗಳು. ವೀರಸಂದ್ರ, ಹೆಬ್ಬಗೋಡಿಯ ಹತ್ತಿರ ಬಂದಮೇಲೆ ಆನೇಕಲ್.

ಹೆಸರಲ್ಲಿ ಸಿಟಿ ಇದ್ದರೂ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಈ ಕೈಗಾರಿಕಾ ಪ್ರದೇಶ ಹೊರಗೇ ಉಳಿಯಿತು. 2013ರಲ್ಲಿ ಅದಕ್ಕೆಂದೇ ಎಲ್ಸಿಟಾ ಎಂಬ ಟೌನ್‌ಷಿಪ್ ಪ್ರಾಧಿಕಾರ ಬಂತು.

ಇನ್ನು ಭೂಗೋಳ. ಆನೇಕಲ್ ತಾಲ್ಲೂಕೆಂದರೆ ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳು ಅಷ್ಟೇ ಅಲ್ಲ. ಪಶ್ಚಿಮಕ್ಕೆ ಬನ್ನೇರುಘಟ್ಟದ ಕಾಡು, ಅಲ್ಲಿಂದ ರಾಗಿ ಹೊಲಕ್ಕೆ ಇಳಿಯುವ ಆನೆಗಳು, ಆನೇಕಲ್ ಪಟ್ಟಣದಾಚೆ ಮುತ್ಯಾಲಮಡುವಿನ ಕಣಿವೆ. ಪೂರ್ವದ ಮುತ್ತಾನಲ್ಲೂರು, ಬಿದರಗುಪ್ಪೆ ಕೆರೆಗಳ ಕೋಡಿ ನೀರು ದಕ್ಷಿಣ ಪಿನಾಕಿನಿಯ ಕಡೆ ಹರಿದು ತಮಿಳುನಾಡು ಸೇರುತ್ತದೆ. ಬೆಂಗಳೂರಿನ ಕೊಳಚೆ ಗಡಿಯಾಚೆಯ ಹೊಸೂರಿನವರಿಗೆ ಯಾಕೆ ತಲೆನೋವು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಜನಸಂಖ್ಯೆಯ ವಿಷಯದಲ್ಲಂತೂ ತಪ್ಪು ತಿಳಿವಳಿಕೆ ಹೆಚ್ಚು. 2011ರ ಗಣತಿಯಂತೆ ನಗರ ಜಿಲ್ಲೆಯಲ್ಲಿ 96 ಲಕ್ಷ ಜನ, ಚದರ ಕಿಲೋಮೀಟರಿಗೆ ಸುಮಾರು 4,380 ಮಂದಿ. ಇದು ಸರಾಸರಿ, ಬನ್ನೇರುಘಟ್ಟದ ಕಾಡನ್ನೂ ಹೆಬ್ಬಗೋಡಿಯ ವಠಾರಗಳನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ್ದು. ಪಂಚಾಯಿತಿ ಇದ್ದ ಮಾತ್ರಕ್ಕೆ ಗಣತಿಯಲ್ಲಿ ಅದು ಹಳ್ಳಿ ಎಂದೇನೂ ಇಲ್ಲ. ಐದು ಸಾವಿರ ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಮಂದಿ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲಿಗೆ ಬೇಸಾಯೇತರ ಕೆಲಸ: ಇಷ್ಟಿದ್ದರೆ ಅದು ‘ಜನಗಣತಿ ಪಟ್ಟಣ’. ಜಿಗಣಿ, ಬೊಮ್ಮಸಂದ್ರ ಹೀಗೆಯೇ ನಗರದ ಲೆಕ್ಕಕ್ಕೆ ಸೇರಿದವು.

ಕಂಪನಿ ಬಸ್ಸಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂದು ಹೋಗುವವರು ಇಲ್ಲಿನ ಜನಸಂಖ್ಯೆಯಲ್ಲಿ ಇಲ್ಲವೇ ಇಲ್ಲ. ಗಣತಿಯವರು ಹಿಡಿಯುವುದು ವಾಸದ ಮನೆಯನ್ನು, ಆಫೀಸನ್ನಲ್ಲ. ಹೊಸೂರಿನಿಂದ ದಿನಾ ಬರುವವರನ್ನು ಎಣಿಸುವುದು ತಮಿಳುನಾಡಿನಲ್ಲಿ. ಇಲ್ಲಿನ ನೀಲಾದ್ರಿ ರಸ್ತೆಯ ಪಿಜಿಯಲ್ಲಿ ನೆಲೆನಿಂತ ರಾಯಚೂರಿನ ಹುಡುಗ ಮಾತ್ರ, ಊರಲ್ಲಿ ರೇಷನ್ ಕಾರ್ಡ್ ಇದ್ದರೂ, ಇಲ್ಲಿಯವನೇ.