ಲ್ಯಾಪ್‌ಟಾಪ್ ಬಂತು, ಕಲಿಸುವವರು ಯಾರು?

ಲ್ಯಾಪ್‌ಟಾಪ್ ವಿತರಣೆಯ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಶಾಸಕರ ಕೈ ಒಂದು ಕಡೆ, ವಿದ್ಯಾರ್ಥಿಯ ಕೈ ಇನ್ನೊಂದು ಕಡೆ, ನಡುವೆ ಡಬ್ಬ. ಡಬ್ಬ ಬಿಚ್ಚಿದ ಮೇಲೆ ಏನಾಗುತ್ತೆ ಅನ್ನೋದರ ಫೋಟೊ ಯಾರೂ ತೆಗೆಯಲ್ಲ. ಈ ಬರಹ ಆ ಮುಂದಿನ ದಿನಗಳ ಬಗ್ಗೆ. ಚಿಂಚೋಳಿ ತಾಲೂಕಿನ ಚಿಮ್ಮನಚೋಡದಂಥ ಊರಿನ ಮಕ್ಕಳ ಕೈಗೆ ಹೊಸ ಲ್ಯಾಪ್‌ಟಾಪ್ ಬಂದರೆ ಮೊದಲು ಏನು ಕಲಿಸಬೇಕು, ಅದನ್ನು ಕಲಿಸುವ ಹೊಣೆ ಯಾರದು?

ಇದು ಸಣ್ಣ ವಿಷಯ ಅನ್ನಿಸಿದರೆ ಅಸರ್ 2023ರ ವರದಿ ನೋಡಿ. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಬಗ್ಗೆ ನಡೆದ ಸಮೀಕ್ಷೆ ಅದು. ಸ್ಮಾರ್ಟ್‌ಫೋನ್ ಹೆಚ್ಚೂಕಡಿಮೆ ಎಲ್ಲ ಮನೆಗೂ ತಲುಪಿದೆ. ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಇರುವುದು ಸುಮಾರು ಶೇ 9 ಮನೆಗಳಲ್ಲಿ ಮಾತ್ರ. ಮನೆಯಲ್ಲಿ ಇದ್ದವರ ಪೈಕಿ ಶೇ 85ರಷ್ಟು ಮಂದಿಗೆ ಅದನ್ನು ಬಳಸಲು ಗೊತ್ತು. ಇಲ್ಲದವರಲ್ಲಿ ಆ ಪ್ರಮಾಣ ಶೇ 34ರಷ್ಟು. ಅಂದರೆ ಇವತ್ತಿಗೂ ಕಂಪ್ಯೂಟರ್ ಕಲಿಸುತ್ತಿರುವುದು ಬಹುಮಟ್ಟಿಗೆ ಮನೆ. ಮನೆಯಲ್ಲಿ ಇಲ್ಲದ ಮಗುವಿಗೆ ಉಳಿದಿರುವ ಜಾಗ ಶಾಲೆಯೊಂದೇ.

ಮೊಬೈಲ್ ಬಂದರೆ ಸಾಲದು

‘ಈಗಿನ ಮಕ್ಕಳಿಗೆ ಎಲ್ಲಾ ಬರುತ್ತೆ, ರೀಲ್ಸ್ ಮಾಡ್ತಾರೆ’ ಅನ್ನುವವರಿದ್ದಾರೆ. ಮೊಬೈಲ್ ಒಂದು ಮುಖ್ಯ ಸಂಗತಿಯನ್ನು ಬಳಸುವವರಿಂದ ಮುಚ್ಚಿಡುತ್ತದೆ. ಫೋಟೊ ಗ್ಯಾಲರಿಯಲ್ಲಿರುತ್ತೆ, ಹಾಡು ಆ್ಯಪ್‌ನಲ್ಲಿರುತ್ತೆ. ಅದು ನಿಜವಾಗಿ ಎಲ್ಲಿ ಕೂತಿದೆ ಅಂತ ತಿಳಿಯುವ ಅಗತ್ಯವೇ ಬರಲ್ಲ. ಲ್ಯಾಪ್‌ಟಾಪ್‌ನಲ್ಲಿ ಅದೇ ಮೊದಲ ಪಾಠ. ಮಕ್ಕಳ ಪಕ್ಕ ಕೂತಾಗ ನಾನು ಹೆಚ್ಚು ಸಲ ಕೇಳಿದ ಪ್ರಶ್ನೆ ಇದು: ‘ಸರ, ನಾ ಬರ್ದಿದ್ದು ಎಲ್ಲಿ ಹೋಯ್ತರೀ?’

ಉತ್ತರವನ್ನು ಪಾಟಿ ಮತ್ತು ನೋಟ್‌ಬುಕ್ ಇಟ್ಟುಕೊಂಡು ಹೇಳಬಹುದು. ನೀವು ಬರೆಯುತ್ತಿರುವಾಗ ಅಕ್ಷರಗಳು ಪಾಟಿಯ ಮೇಲಿರುತ್ತವೆ. ಯಂತ್ರ ಆಫ್ ಆದರೆ ಪಾಟಿ ಒರೆಸಿಹೋಗುತ್ತೆ. ಇಂಜಿನಿಯರಿಂಗ್‌ನಲ್ಲಿ ನಮಗೆ ರ‍್ಯಾಮ್ ಅಂತ ಕಲಿಸಿದ್ದು ಇದನ್ನೇ. ಸೇವ್ ಒತ್ತುವುದೆಂದರೆ ಪಾಟಿಯಲ್ಲಿರುವುದನ್ನು ನೋಟ್‌ಬುಕ್ಕಿಗೆ ಇಳಿಸುವುದು. ಫೈಲ್ ಅಂದರೆ ಆ ನೋಟ್‌ಬುಕ್, ಫೋಲ್ಡರ್ ಅಂದರೆ ಅದನ್ನಿಟ್ಟ ಚೀಲ. ಇಷ್ಟು ತಿಳಿದ ಮಗು ಕಳೆದುಹೋದ ಫೈಲನ್ನು ತಾನೇ ಹುಡುಕುತ್ತದೆ.

ಯಾವುದು ಮೊದಲು?

ನನ್ನ ಕ್ರಮ ಹೀಗಿದೆ. ಮೊದಲ ದಿನ ಆನ್, ಆಫ್, ಚಾರ್ಜಿಂಗ್, ಟಚ್‌ಪ್ಯಾಡ್. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಸಾಮಾನ್ಯವಾಗಿ ನಿದ್ದೆ ಮಾಡುತ್ತೆ ಅಷ್ಟೇ, ಆಫ್ ಆಗಲ್ಲ ಅನ್ನುವುದನ್ನು ತೋರಿಸಿ. ಎರಡನೇ ದಿನ ಫೋಲ್ಡರ್ ಮಾಡಿ, ಅದರಲ್ಲಿ ತನ್ನ ಹೆಸರಿನ ಫೈಲ್ ಉಳಿಸಿ, ಮುಚ್ಚಿ, ಮತ್ತೆ ತೆರೆಯುವುದು. ಇದನ್ನು ಹತ್ತು ಸಲ ಮಾಡಿಸಿ. ಇಂಟರ್ನೆಟ್ ಕೊನೆಗೆ ಬರಲಿ, ಪಾಸ್‌ವರ್ಡ್ ಗುಟ್ಟಾಗಿಡುವುದು ಮತ್ತು ಕೆಲಸ ಮುಗಿದ ಮೇಲೆ ಸೈನ್ ಔಟ್ ಆಗುವುದರ ಜೊತೆಗೇ. ಒಂದು ಲ್ಯಾಪ್‌ಟಾಪ್ ಹಲವರ ಕೈಯಲ್ಲಿ ಓಡಾಡುವ ಕಡೆ ಅದು ಬಹಳ ಮುಖ್ಯ.

ಭಾಷೆಯ ತೊಡಕು ನೆನಪಿರಲಿ. ಚಿಂಚೋಳಿ ಭಾಗದ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತೆ, ಗಡಿಯ ಮಗು ತೆಲುಗು ಅಥವಾ ಉರ್ದು. ಶಾಲೆಯಲ್ಲಿ ಕನ್ನಡ. ಪರದೆಯ ಮೇಲೆ ಇಂಗ್ಲಿಷ್. ‘ಡೋಂಟ್ ಸೇವ್’ ಅಂತ ಬಂದಾಗ ‘ಸೇವ್’ ಒಂದೇ ಓದಿಕೊಂಡು ಒತ್ತಿದ ಮಗುವನ್ನು ದಡ್ಡ ಅನ್ನಬೇಡಿ. ಪದೇಪದೇ ಎದುರಾಗುವ ಇಪ್ಪತ್ತು ಇಂಗ್ಲಿಷ್ ಪದಗಳ ಅರ್ಥವನ್ನು ಗೋಡೆಗೆ ಅಂಟಿಸಿದರೆ ಅರ್ಧ ಭಯ ಹೋಗುತ್ತದೆ.

ಕ-ಲ-ಬು-ರ-ಗಿ: ಏಳು ಕೀ

ಮೂರನೇ ದಿನಕ್ಕೇ ಕನ್ನಡ ಟೈಪಿಂಗ್ ಶುರು ಮಾಡಿ. ಕೆ.ಪಿ. ರಾವ್ ಅವರ ವಿನ್ಯಾಸದ, ನುಡಿ ತಂತ್ರಾಂಶದಲ್ಲಿರುವ ಕೀಬೋರ್ಡ್ ಉಚ್ಚಾರವನ್ನೇ ಹಿಂಬಾಲಿಸುತ್ತೆ. ಕೆ, ಎಲ್, ಬಿ, ಯು, ಆರ್, ಜಿ, ಐ ಒತ್ತಿದರೆ ‘ಕಲಬುರಗಿ’. ಒತ್ತಕ್ಷರಕ್ಕೆ ನಡುವೆ ಎಫ್ ಕೀ: ಎ, ಎಂ, ಎಫ್, ಎಂ ಅಂದರೆ ‘ಅಮ್ಮ’. ಯುನಿಕೋಡ್‌ನಲ್ಲೇ ಬರೆಸಿ; ಬೇರೆ ಯಂತ್ರದಲ್ಲಿ, ಮೊಬೈಲ್‌ನಲ್ಲಿ ಅದೇ ಅಕ್ಷರವಾಗಿ ಕಾಣಬೇಕಾದರೆ ಅದೇ ದಾರಿ.

ಅಭ್ಯಾಸಕ್ಕೆ ಊರಿನ ಲೆಕ್ಕವನ್ನೇ ತನ್ನಿ. ತೊಗರಿ ಮಾರಿದಾಗ ದಲಾಲಿ ಅಂಗಡಿಯಲ್ಲಿ ಕೊಡುವ ಪಟ್ಟಿ ಬಹುತೇಕ ರೈತರ ಮನೆಯಲ್ಲಿರುತ್ತೆ. ತೂಕ, ಧಾರಣಿ, ಹಮಾಲಿ, ಕಡಿತ, ಕೈಗೆ ಬಂದದ್ದು. ಇದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿಸಿ, ಗುಣಾಕಾರ ಮತ್ತು ಕಳೆಯುವ ಲೆಕ್ಕವನ್ನು ಯಂತ್ರಕ್ಕೆ ಬಿಡಿ. ಅಪ್ಪನ ಪಟ್ಟಿ ಸರಿ ಇದೆಯಾ ಅಂತ ಮಗಳು ತಾಳೆ ನೋಡಿದರೆ, ಕಂಪ್ಯೂಟರ್ ಯಾಕೆ ಬೇಕು ಅಂತ ಆ ಮನೆಗೆ ಯಾರೂ ಭಾಷಣ ಮಾಡಬೇಕಾಗಿಲ್ಲ.

ಕೀಬೋರ್ಡ್ ಮೇಲೆ ಯಾರ ಕೈ?

ಕಲಿಸುವವರಿಗೆ ಒಂದೇ ನಿಯಮ: ನಿಮ್ಮ ಕೈ ಹಿಂದೆ ಕಟ್ಟಿಕೊಳ್ಳಿ. ‘ಕೊಡು ಇಲ್ಲಿ, ನಾ ಮಾಡ್ತೀನಿ’ ಅಂದ ಕ್ಷಣ ಮಗು ಪ್ರೇಕ್ಷಕ ಆಗುತ್ತೆ. ನಾಲ್ಕು ಮಕ್ಕಳಿಗೆ ಒಂದು ಲ್ಯಾಪ್‌ಟಾಪ್ ಇದ್ದರೆ ಗಡಿಯಾರ ನೋಡಿ ಸರದಿ ಬದಲಿಸಿ, ಮೊದಲ ಸರದಿ ಹುಡುಗಿಯರಿಗೆ ಕೊಡಿ. ಅದೇ ಅಸರ್ ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನ್ ಇದೆ. ಹುಡುಗಿಯರಲ್ಲಿ ಶೇ 19.8. ಮನೆಯಲ್ಲಿರುವ ಈ ಅಂತರವನ್ನು ಶಾಲೆ ಹಾಗೇ ಮುಂದುವರಿಸಬಾರದು.

ಗುತ್ತಿಗೆ ಮುಗಿದರೆ ಪಾಠವೂ ಮುಗಿಯುತ್ತದೆ

ಸ್ವಯಂಸೇವಕರು ಒಂದು ವಾರ ಕಲಿಸಬಹುದು. ವರ್ಷಪೂರ್ತಿ ಕಲಿಸುವುದು ಸರ್ಕಾರದ ಕೆಲಸ. ನಮ್ಮಲ್ಲಿ 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆ ಬಂತು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಹೋಯಿತು. ಅದೇ ಕಾಲದಲ್ಲಿ ಕೇರಳ ‘ಐಟಿ@ಸ್ಕೂಲ್’ ಶುರು ಮಾಡಿ, ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟಿತು, ಸ್ವತಂತ್ರ ತಂತ್ರಾಂಶ ಬಳಸಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಈ ಎರಡು ದಾರಿಗಳನ್ನು ಹೋಲಿಸಿ ಅಧ್ಯಯನ ಮಾಡಿತ್ತು. ಗುತ್ತಿಗೆಯವರು ಹೋದಾಗ ಕಲಿಸುವ ಶಕ್ತಿಯೂ ಅವರ ಜೊತೆ ಹೋಗುತ್ತೆ; ಶಿಕ್ಷಕರು ಕಲಿತರೆ ಅದು ಶಾಲೆಯಲ್ಲೇ ಉಳಿಯುತ್ತೆ. ಕೇರಳ 2018ರಲ್ಲಿ ‘ಲಿಟಲ್ ಕೈಟ್ಸ್’ ಅನ್ನುವ ವಿದ್ಯಾರ್ಥಿ ಕ್ಲಬ್‌ಗಳನ್ನೂ ಕಟ್ಟಿತು. ಅಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸುತ್ತಾರೆ.

2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಯಲ್ಲಿತ್ತು. ‘ಮೊದಲು ಪಾಸಾಗಲಿ, ಆಮೇಲೆ ಲ್ಯಾಪ್‌ಟಾಪ್’ ಅನ್ನುವ ವಾದ ಇಲ್ಲಿಂದಲೇ ಹುಟ್ಟುತ್ತೆ. ಆದರೆ ಎರಡೂ ಕೊರತೆಯ ಬೇರು ಒಂದೇ: ಕಲಿಸುವ ಜನರ ಮೇಲೆ ಹೂಡಿಕೆ ಇಲ್ಲ. 371ಜೆ ಬಂದು ದಶಕ ದಾಟಿದೆ. ಈ ಭಾಗಕ್ಕೆ ಬರುವ ಹಣದಲ್ಲಿ ಯಂತ್ರದ ಖರೀದಿಗೆ ಎಷ್ಟು, ಕಲಿಸುವವರಿಗೆ ಎಷ್ಟು ಅಂತ ಕೇಳುವುದು ನಮ್ಮ ಹಕ್ಕು.

ನಿಮ್ಮೂರಿನ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ಎಷ್ಟು ಯಂತ್ರ ಕೆಲಸ ಮಾಡುತ್ತಿವೆ? ವಾರಕ್ಕೆ ಒಂದು ಮಗುವಿಗೆ ಎಷ್ಟು ನಿಮಿಷ ಸಿಗುತ್ತೆ? ತರಬೇತಿ ಪಡೆದ ಶಿಕ್ಷಕರು ಯಾರು? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದನ್ನು ಟೈಪ್ ಮಾಡಲು ಆ ಶಾಲೆಯಲ್ಲೇ ಕಲಿತ ಮಗುವಿನ ನೆರವು ಸಿಕ್ಕರೆ ಇನ್ನೂ ಒಳ್ಳೆಯದು.