ನಿಮಗಿದು ಗೊತ್ತೇ? ಜೂರಿ ಬೇಡ ಎನ್ನುವ ಸಹಿ

ಹೇರೋಹಳ್ಳಿಯ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗ್‌ನಲ್ಲಿ ಸಿಗುವ ಹಿರಿಯರು ಕೇಳುವುದುಂಟು: "ಅಮೆರಿಕದಲ್ಲಿ ಮಗನಿಗೆ ಕೋರ್ಟಿನಿಂದ ಸಮನ್ಸ್ ಬಂದಿದೆಯಂತೆ, ಏನು ತಪ್ಪು ಮಾಡಿದನೋ ಸಾರ್?" ಗಾಬರಿ ಬೇಡ. ಅದು ಹೆಚ್ಚಾಗಿ ಜೂರಿಯಲ್ಲಿ, ಅಂದರೆ ಕೇಸಿನ ತೀರ್ಮಾನ ಹೇಳುವ ಸಾಮಾನ್ಯ ಪ್ರಜೆಗಳ ತಂಡದಲ್ಲಿ, ಕೂರಲು ಬಂದ ಕರೆ. ಅಲ್ಲಿನ ಪ್ರಜೆಯಲ್ಲದವರು ಜೂರಿಯಾಗುವಂತಿಲ್ಲ. ಫಾರ್ಮಿನಲ್ಲಿ ಹಾಗೆಂದು ಗುರುತು ಹಾಕಿ, ಸಹಿ ಮಾಡಿ ಕಳಿಸಬೇಕು. ಉತ್ತರಿಸದೆ ಸುಮ್ಮನಿದ್ದರೆ ಮಾತ್ರ ತೊಂದರೆ.

ಅಲ್ಲಿನ ಫೆಡರಲ್ ಕ್ರಿಮಿನಲ್ ಕೇಸಿನಲ್ಲಿ ಆರೋಪಿಗೆ ಜೂರಿ ಬೇಡವೆಂದರೆ ಬಾಯಿಮಾತು ಸಾಲದು. ಬರೆದುಕೊಡಬೇಕು, ಸರ್ಕಾರ ಒಪ್ಪಬೇಕು, ಜಡ್ಜ್ ಅನುಮತಿಸಬೇಕು.

ನಮ್ಮಲ್ಲೂ ಜೂರಿ ಇತ್ತು, ಅದರಲ್ಲೊಂದು ವಿಶೇಷ ಜೂರಿಯೂ! ಭಾರತೀಯ ಜಡ್ಜ್‌ಗಳೂ ಯುರೋಪಿಯನ್ನರನ್ನು ವಿಚಾರಣೆ ಮಾಡಬಹುದೆಂದ 1883ರ ಇಲ್ಬರ್ಟ್ ಮಸೂದೆಯ ಗಲಾಟೆಯ ನಂತರ, ಅರ್ಧದಷ್ಟಾದರೂ ಬಿಳಿಯರೇ ಇರುವ ಜೂರಿ ಕೇಳುವ ಹಕ್ಕು ಯುರೋಪಿಯನ್ ಆರೋಪಿಗಳಿಗೆ ದಕ್ಕಿತು. 1923ರ ತಿದ್ದುಪಡಿಯ ಪ್ರಕಾರ ತಾನು ಯಾರೆಂದು ಸಕಾಲದಲ್ಲಿ ಹೇಳಿಕೊಳ್ಳದವನು ಆ ಹಕ್ಕು ಬಿಟ್ಟಂತೆಯೇ. ಬಣ್ಣ ನೋಡುವ ಈ ಅನ್ಯಾಯ ಕಾನೂನಿನಿಂದ ಅಳಿದದ್ದು 1949ರಲ್ಲಿ.

ಕೊಲೆ ಆರೋಪ ಹೊತ್ತ ನೌಕಾಧಿಕಾರಿ ನಾನಾವತಿಯ ಕೇಸೇ ಭಾರತದ ಕೊನೆಯ ಜೂರಿ ವಿಚಾರಣೆ ಎನ್ನುವುದು ತಪ್ಪು. 1959ರಲ್ಲಿ ಮುಂಬೈಯ ಜೂರಿ 8-1ರಿಂದ ನಿರ್ದೋಷಿ ಎಂದಿತು, ಹೈಕೋರ್ಟ್ ಒಪ್ಪಲಿಲ್ಲ. ಕೆಲವೆಡೆ ಜೂರಿ ಆಮೇಲೂ ನಡೆದಿತ್ತು. 1974ರ ಏಪ್ರಿಲ್ 1ರಂದು ಜಾರಿಯಾದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಾರ್ಸಿಗಳ ವಿವಾಹ ವ್ಯಾಜ್ಯದಲ್ಲಿ ಜಡ್ಜ್‌ಗೆ ನೆರವಾಗುವ ಐವರು ಪ್ರತಿನಿಧಿಗಳಲ್ಲಿ ಅದರ ನೆರಳು ಉಳಿದಿದೆ.

ಇಂದು ನಮ್ಮ ಕೋರ್ಟುಗಳಲ್ಲಿ ವಿಚಾರಣೆಯ ಹಕ್ಕು ಬಿಡುವ ದೊಡ್ಡ ಕಾಗದವೆಂದರೆ, ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಕೇಳುವ ಪ್ಲೀ ಬಾರ್ಗೇನಿಂಗ್ ಅರ್ಜಿ. 2006ರಲ್ಲಿ ಬಂತು. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆರೋಪ ನಿಗದಿಯಾದ 30 ದಿನದೊಳಗೆ ಸಲ್ಲಿಸಬೇಕು. ಏಳು ವರ್ಷಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ, ಮಹಿಳೆ ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಅವಕಾಶವಿಲ್ಲ. ಜೊತೆಗಿಡುವ ಅಫಿಡವಿಟ್‌ನಲ್ಲಿ, ಶಿಕ್ಷೆ ಎಷ್ಟೆಂದು ತಿಳಿದೇ ಸ್ವಂತ ಇಚ್ಛೆಯಿಂದ ಕೇಳುತ್ತಿದ್ದೇನೆ ಎಂದಿರಬೇಕು. ಟೈಪಿಸ್ಟ್ ಮುಂದಿಟ್ಟ ಹಾಳೆಗೆ ಓದದೆ ಸಹಿ ಹಾಕುವವರನ್ನು ಕಂಡರೆ ಕರುಳು ಚುರ್ ಎನ್ನುತ್ತದೆ. ಅದಕ್ಕೇ ಕಾನೂನು ಇನ್ನೊಂದು ಬಾಗಿಲು ಇಟ್ಟಿದೆ: ಎದುರು ಪಕ್ಷದವರನ್ನು ಹೊರಗಿಟ್ಟು, ಮುಚ್ಚಿದ ಕೋಣೆಯಲ್ಲಿ ಜಡ್ಜ್ ಆರೋಪಿಯನ್ನು ಕೇಳುತ್ತಾರೆ. ಯಾರಾದರೂ ಒತ್ತಾಯಿಸಿದ್ದರೆ ಹೇಳಬೇಕಾದ್ದು ಅಲ್ಲೇ. ಒಪ್ಪಂದದ ತೀರ್ಪು ಬಂದಮೇಲೆ ಮಾಮೂಲಿ ಅಪೀಲಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಸಹಿಗೆ ಮುಂಚೆಯೇ ಫೋನ್ ಮಾಡಿ.