ಹಿಮದ ಇಳಿಜಾರಿನಲ್ಲಿ

ಮಂಜು ಎಂಬ ಒಂದೇ ಮಾತಿನಲ್ಲಿ ನಾವು ಕನ್ನಡಿಗರು ಎಷ್ಟೊಂದನ್ನು ಅಡಗಿಸಿದ್ದೇವೆ! ಮಾಗಿಯ ಬೆಳಗಿನಲ್ಲಿ ಹೊಲದ ಮೇಲೆ ಕವಿಯುವುದೂ ಮಂಜು, ಹುಲ್ಲಿನೆಸಳಿನ ಮೇಲೆ ಹೊಳೆಯುವುದೂ ಮಂಜು, ಹಿಮಾಲಯದ ನೆತ್ತಿಯಲ್ಲಿ ಹೆಪ್ಪುಗಟ್ಟಿರುವುದೂ ಮಂಜು. ಹಿಮಪಾತವೆಂಬ ಪದದ ಗತಿಯೂ ಹೀಗೆಯೇ. ಆಕಾಶದಿಂದ ಅರಳೆಯಂತೆ ಇಳಿಯುವುದಕ್ಕೂ ಅದೇ ಹೆಸರು. ಬೆಟ್ಟದ ಮೈಯಿಂದ ಕಳಚಿ ಬಂದು ಮನುಷ್ಯರನ್ನು ಹೂಳುವುದಕ್ಕೂ ಪತ್ರಿಕೆಗಳಲ್ಲಿ ಅದೇ ಹೆಸರು. ಹಿಮ ಬೀಳದ ನಾಡಿನ ಭಾಷೆಗೆ ಇದೇನೂ ಕುಂದಲ್ಲ. ಆದರೆ ನಮ್ಮ ತರುಣರು ಈಗ ಚಳಿಗಾಲದಲ್ಲಿ ಗುಲ್ಮಾರ್ಗಕ್ಕೂ ಕೇದಾರಕಂಠಕ್ಕೂ ಹೋಗಿಬರುತ್ತಿರುವುದರಿಂದ ಇವೆರಡನ್ನು ಬೇರ್ಪಡಿಸಿ ಅರಿಯುವುದು ಅವಶ್ಯ. ಎರಡನೆಯದನ್ನು ಹಿಮಕುಸಿತವೆಂದು ಕರೆಯೋಣ.

ಹಿಮಕುಸಿತ ಸಿಡಿಲಿನಂತೆ ಮೇಲಿನಿಂದ ಎರಗುವ ವಿಪತ್ತೆಂದು ಸಾಮಾನ್ಯರ ಭಾವನೆ. ವಾಸ್ತವ ಹಾಗಿಲ್ಲ. ಚಳಿಗಾಲದ ಹಿಮ ಪದರಪದರವಾಗಿ ಕೂಡುತ್ತದೆ. ನೆಲದ ಬಳಿ ಕೊಂಚ ಬೆಚ್ಚಗೂ ಮೇಲೆ ಕಡುಶೀತವೂ ಇದ್ದಾಗ, ಒಳಪದರ ತನ್ನ ಬಿಗಿಯನ್ನು ಕಳೆದುಕೊಂಡು ಸಕ್ಕರೆಯ ಹರಳಿನಂತೆ ಉದುರಾಗುತ್ತದೆ. ಅದರ ಮೇಲೆ ಗಾಳಿ ತಂದೊಟ್ಟಿದ ಹೊಸ ಹಿಮ ಗಟ್ಟಿಯಾಗಿ ಕೂಡುತ್ತದೆ. ಓರೆನೆಲದಲ್ಲಿ ರಾಗಿ ಹರಡಿ, ಮೇಲೊಂದು ಹಲಗೆಯನ್ನಿಟ್ಟಂತೆ. ಸುಮಾರು 30ರಿಂದ 45 ಡಿಗ್ರಿಯ ಇಳಿಜಾರುಗಳೇ ಹೆಚ್ಚು ಅಪಾಯಕರ. ಅದಕ್ಕಿಂತ ಕಡಿದಾದಲ್ಲಿ ಹಿಮ ಬಹಳವಾಗಿ ನಿಲ್ಲದು, ಸಮತಟ್ಟಾದಲ್ಲಿ ಜಾರದು. ಹಿಮದ ಮೇಲೆ ಜಾರುವ ಆಟಗಾರರ ಮನಸ್ಸನ್ನು ಸೆಳೆಯುವುದೂ ಇದೇ ಇಳಿಜಾರೆಂಬುದು ದುರ್ದೈವ. ವಿಹಾರಕ್ಕೆ ಹೋಗಿ ಮಡಿದವರ ವಿಷಯದಲ್ಲಿ, ಹಲಗೆಯನ್ನು ಕದಲಿಸಿದ್ದು ಬಹುಪಾಲು ಅವರ ಅಥವಾ ಅವರ ಜೊತೆಗಾರರ ಭಾರವೇ.

ಬೆಟ್ಟ ಹಲವು ಸಲ ಮೊದಲೇ ಸೂಚನೆ ಕೊಡುವುದುಂಟು. ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ, ಕಾಲಡಿಯಲ್ಲಿ 'ಧುಮ್' ಎಂಬ ಟೊಳ್ಳು ಸದ್ದು, ಹೆಜ್ಜೆಯಿಂದ ಮುಂದಕ್ಕೆ ಓಡುವ ಬಿರುಕು, ಹಿಂದಿನ ದಿನದ ಭಾರಿ ಹಿಮ ಅಥವಾ ಬಿರುಗಾಳಿ, ಹಠಾತ್ತಾಗಿ ಏರಿದ ಬಿಸಿಲು: ಇವುಗಳಲ್ಲಿ ಒಂದು ಕಂಡರೂ ಆ ದಾರಿ ಬೇಡ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಮುನ್ನೆಚ್ಚರಿಕೆಗಳನ್ನು ಹೊರಡಿಸುತ್ತದೆ. ಯೂರೋಪಿನವರು 1993ರಿಂದ ಅಪಾಯವನ್ನು ಐದು ಹಂತಗಳಲ್ಲಿ ಅಳೆಯುತ್ತಿದ್ದಾರೆ. ಅಲ್ಲಿ ಸಾವಿನ ದೊಡ್ಡ ಪಾಲು ಸಂಭವಿಸುವುದು ಐದನೆಯ ಹಂತದಲ್ಲಲ್ಲ, ಮೂರನೆಯದರಲ್ಲಿ. ಐದೆಂದರೆ ಜನ ಮನೆಯಲ್ಲಿ ಉಳಿಯುತ್ತಾರೆ. ಮೂರೆಂದರೆ ಮಧ್ಯಮವೆಂದು ಬಗೆದು ಹೊರಡುತ್ತಾರೆ.

ಹೊರಟವರು ಸಂದೇಹದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ಕಣ್ಣಿಟ್ಟಿರಬೇಕು. ಪ್ರತಿಯೊಬ್ಬನಲ್ಲೂ ಸಂಕೇತ ಕಳುಹಿಸುವ ರೇಡಿಯೋ ಯಂತ್ರ, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಸಲಿಕೆ ಇರಬೇಕು. ಏಕೆಂದರೆ ಹೂತುಹೋದವನಿಗೆ ಉಳಿದಿರುವ ಅವಧಿ ಬಹಳ ಕಿರಿದು. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಬಹುಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಳಿಯುವವರು ಕೆಲವರೇ. ನಿಂತ ಹಿಮ ಗಾರೆಯಂತೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ದೂರದಿಂದ ನೆರವು ಬರುವಷ್ಟು ವ್ಯವಧಾನವಿಲ್ಲ. ಬದುಕಿಸಬೇಕಾದವರು ಜೊತೆಗಾರರೇ.

ಇದಕ್ಕೆ ವಿರುದ್ಧವಾದ ಒಂದು ನಿದರ್ಶನ ಕನ್ನಡಿಗರೆಲ್ಲರ ನೆನಪಿನಲ್ಲಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಮಿಗಿಲಾದ ಎತ್ತರದಲ್ಲಿ, ಹಿಮರಾಶಿ ಹತ್ತು ಮಂದಿ ಯೋಧರನ್ನು ಹೂತುಹಾಕಿತು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನಗಳಾದ ಮೇಲೆ ಜೀವಂತವಾಗಿ ದೊರೆತರು. ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅದನ್ನು ಪವಾಡವೆಂದು ನಾಡು ಬೆರಗಾದುದು ಸಹಜ. ಆದರೆ ಪವಾಡವನ್ನು ನಂಬಿ ಯಾರೂ ಬೆಟ್ಟ ಹತ್ತಬಾರದು.

ಆ ಯೋಧರಿಗೆ ಠಾಣೆಯನ್ನು ಬಿಟ್ಟು ಬರುವ ಸ್ವಾತಂತ್ರ್ಯವಿರಲಿಲ್ಲ. ವಿಹಾರಕ್ಕೆ ಹೋದವನಿಗೆ ಅದಿದೆ. ರಜೆ ಮುಗಿಯುತ್ತದೆ, ಹಣ ಕೊಟ್ಟಾಗಿದೆ, ಗೆಳೆಯರು ನಗುತ್ತಾರೆ ಎಂಬ ಎಣಿಕೆಗಳು ಅವನನ್ನು ಮುಂದಕ್ಕೆ ನೂಕುತ್ತವೆ. ಹಿಮಕ್ಕೆ ಈ ಲೆಕ್ಕ ಯಾವುದೂ ತಿಳಿಯದು. ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಇಂದು ಹಿಂದಿರುಗಿ ಬಂದವನು ಮತ್ತೆ ಹೋಗಬಹುದು.